ಬಾಯಿಗೆ ಬಿಡುವಿಲ್ಲ, ಕಿವಿಗೆ ರಜೆ

ನೆದರ್ಲ್ಯಾಂಡ್ಸ್‌ನ ಕಾಪೆಲ್ಲೆ ಆನ್ ಡೆನ್ ಐಸೆಲ್‌ನಲ್ಲಿ ಬಯಲು ಸಂಗೀತೋತ್ಸವ. ರೇಡಿಯೋ ನಿರೂಪಕರ ಬಾಯಿ ಶನಿವಾರದಿಂದ ಮುಚ್ಚಿಲ್ಲ.

"ಸರ, ಮಳಿ ಬಂತ್ರಿ!" ಎಂದ ಹುಬ್ಬಳ್ಳಿಯ ಸ್ವಯಂಸೇವಕ.

"ಮಳೆ ಅನ್ನಬೇಡಪ್ಪ. ತಂಪು ಹವೆ ಅನ್ನು, ಪ್ರಾಯೋಜಕರು ಕೇಳ್ತಿರ್ತಾರೆ."

"1970ರ ಜೂನ್‌ನಾಗ ಇಲ್ಲೇ ಪಕ್ಕದ ಕ್ರಾಲಿಂಗನ್ ಕಾಡಿನಾಗ ಮೂರು ದಿನ ಉತ್ಸವ ಆಗಿತ್ತಂತಲ್ರಿ. ಪಿಂಕ್ ಫ್ಲಾಯ್ಡ್, ಸಂತಾನಾ ಎಲ್ಲಾರೂ ಬಂದಿದ್ರಂತ."

"ಆಗ ಜನ ಹಾಡು ಕೇಳೋಕೆ ಬರ್ತಿದ್ರು. ಈಗ ನನ್ನ ಜೊತೆ ಸೆಲ್ಫಿಗೆ."

ಅವರು ಹಾಗೆ ನಂಬಿದ್ದರು. ಸಾಲು ಇದ್ದದ್ದು ಆಲೂಗಡ್ಡೆ ಫ್ರೈಸ್ ಗಾಡಿಗೆ.

"ಹಿಂದೆ ರೇಡಿಯೋ ವೆರೋನಿಕಾ ಹಡಗಿನಿಂದ ಪ್ರಸಾರ ಮಾಡ್ತಿತ್ತಂತ. ನಿರೂಪಕರು ಎಷ್ಟು ನೆನೀತಿದ್ರೋ ಏನೋ!"

"ಎಲ್ಲಿ ನೆನೀತಿದ್ರು? ಹೆಚ್ಚಿನ ಕಾರ್ಯಕ್ರಮ ಹಿಲ್ವರ್ಸಮ್ ಊರಿನ ಸ್ಟುಡಿಯೋದಲ್ಲಿ ಟೇಪ್ ಮಾಡಿ ಹಡಗಿಗೆ ಕಳಿಸ್ತಿದ್ರು. ಜಾಣರು!"

"ಅದಿರ್ಲಿ ಸರ, ಎರಡು ದಿನದಾಗ ಯಾವ ಹಾಡು ಹಿಡಿಸ್ತು?"

"ಹಾಡಾ? ನಾನು ಜಾಹೀರಾತು ಓದ್ತಿದ್ದೆ."