ಉಪ್ಪಲ್ ಪ್ರಾಂತ್ಯದ ವೈಫೈ ದ್ವಾರಪಾಲಕರು: ಒಂದು ಅಪೂರ್ಣ ಮೀಮಾಂಸೆ

ಹೈದರಾಬಾದಿನ ಉಪ್ಪಲ್ ಮೊದಲಿನಿಂದಲೂ ಸಂಶೋಧಕರ ಸೀಮೆ. 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಉಪ್ಪಲ್ ರಸ್ತೆಯಲ್ಲಿ ಕೂತು ಭೂಗರ್ಭದ ಗುಟ್ಟನ್ನು ಕೆದಕುತ್ತಿದೆ. ಅದೇ ರಸ್ತೆಯ ಸಿಸಿಎಂಬಿ ಜೀವಕೋಶದ ಗುಟ್ಟನ್ನು. ಆದರೆ ಮೇಲ್ಮಹಡಿಯ ಓನರ್ ಮನೆಯ ರೌಟರ್ ಕೆಳಗಿನ ಪೋರ್ಷನ್ನಿನ ಕನ್ನಡ ಕುಟುಂಬವನ್ನು ಏಕೆ ಒಳಬಿಡುತ್ತಿಲ್ಲ ಎಂಬ ಮೂಲಭೂತ ಪ್ರಶ್ನೆ ಇದುವರೆಗೆ ಯಾವ ವಿದ್ವಾಂಸರ ಕಣ್ಣಿಗೂ ಬಿದ್ದಿಲ್ಲ.

ಪೂರ್ವಪಕ್ಷ: "ಪಾಸ್‌ವರ್ಡ್ ಸರಿಯಾಗೇ ಹಾಕಿದ್ದೀನಿ ಅಂಕಲ್." ಬಾಡಿಗೆದಾರರ ಈ ಸನಾತನ ವಾದದ ಖಂಡನೆ ಸುಲಭ. 2004ರ ಡಬ್ಲ್ಯುಪಿಎ2 ಸ್ಮೃತಿಯ ಪ್ರಕಾರ ಪಾಸ್‌ವರ್ಡಿಗೆ 8ರಿಂದ 63 ಅಕ್ಷರ; ಅದನ್ನು ನೆಟ್‌ವರ್ಕಿನ ಹೆಸರಿನ ಜೊತೆ ಸೇರಿಸಿ 4096 ಸುತ್ತು ಅರೆದರೆ ಕೀಲಿ ಸಿದ್ಧ. ಅಷ್ಟು ಸುತ್ತನ್ನು ನಮ್ಮ ಒರಳಿನ ಉದ್ದಿನಬೇಳೆಯೂ ಕಂಡಿಲ್ಲ. ಕೀಬೋರ್ಡು ಉಪಕಾರಬುದ್ಧಿಯಿಂದ ಮೊದಲ ಅಕ್ಷರವನ್ನು ಕ್ಯಾಪಿಟಲ್ ಮಾಡಿದರೂ, ಕೊನೆಗೊಂದು ಸ್ಪೇಸ್ ಅಂಟಿಸಿದರೂ ಹುಟ್ಟುವ ಕೀಲಿ ಬೇರೆಯದೇ. ಆಮೇಲೆ ನಾಲ್ಕು ಸಂದೇಶಗಳ ಶಾಸ್ತ್ರಾರ್ಥ: ಫೋನು, ರೌಟರ್ ಇಬ್ಬರೂ ಪಾಸ್‌ವರ್ಡನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಆದರೆ ತನಗದು ಗೊತ್ತೆಂದು ಸಾಧಿಸಬೇಕು. ಎರಡನೆಯ ಸಂದೇಶದ ಮುದ್ರೆ ತಾಳೆಯಾಗದಿದ್ದರೆ ರೌಟರ್ ಕಾರಣ ಹೇಳುವುದಿಲ್ಲ. ಫೋನು ತಾನಾಗಿಯೇ 'ದೃಢೀಕರಣ ಸಮಸ್ಯೆ' ಎಂದು ಬರೆದುಕೊಳ್ಳುತ್ತದೆ. ಸ್ಲ್ಯಾಬು ದಪ್ಪವಾಗಿ, ಸಿಗ್ನಲ್ ಸೊರಗಿ ಸಂದೇಶವೇ ತಲುಪದಿದ್ದರೂ ಅದನ್ನೇ ಬರೆದೀತು. ಶಂಕರ, ರಾಮಾನುಜ, ಮಧ್ವರು ಒಂದೇ ಬ್ರಹ್ಮಸೂತ್ರಕ್ಕೆ ಮೂರು ಭಾಷ್ಯ ಬರೆದರು. ಇಲ್ಲಿ ಹತ್ತು ಸೂತ್ರಕ್ಕೂ ಒಂದೇ ಭಾಷ್ಯ.

ಇನ್ನು ನಾಮರೂಪವಾದ. ಕೆಲವು ಓನರುಗಳು ಫೋನುಗಳ ಮ್ಯಾಕ್ ವಿಳಾಸ ಬರೆದುಕೊಂಡು, ಪಟ್ಟಿಯಲ್ಲಿದ್ದವರನ್ನಷ್ಟೇ ಬಿಡುತ್ತಾರೆ. ಆದರೆ 2019ರ ಆಂಡ್ರಾಯ್ಡ್ 10ರಿಂದೀಚೆಗೆ ಫೋನು ಒಂದೊಂದು ನೆಟ್‌ವರ್ಕಿಗೆ ಒಂದೊಂದು ಕಲ್ಪಿತ ವಿಳಾಸ ಕೊಡುತ್ತದೆ. ಪಟ್ಟಿಯಲ್ಲಿರುವುದು ಹುಟ್ಟುಹೆಸರು, ಬಾಗಿಲಲ್ಲಿ ಹೇಳಿದ್ದು ಕಾವ್ಯನಾಮ. ಆ ನೆಟ್‌ವರ್ಕಿನ ಮಟ್ಟಿಗೆ ಕಾವ್ಯನಾಮ ಬಿಟ್ಟರೆ ವ್ಯಾಜ್ಯ ಬಗೆಹರಿಯುತ್ತದೆ. (ಕವಿಗಳಿಗೆ ಈ ಸಲಹೆ ಅನ್ವಯಿಸದು.)

ಆಫೀಸು, ಕಾಲೇಜುಗಳ 802.1ಎಕ್ಸ್ ಪದ್ಧತಿಯಲ್ಲಿ ರೌಟರ್ ಬರೀ ಗೂರ್ಖಾ. ತೀರ್ಪು ಒಳಗಿನ ರೇಡಿಯಸ್ ಸರ್ವರಿನದು. ಅಲ್ಲಿ ಸರ್ವರ್ ಕೂಡ ಸರ್ಟಿಫಿಕೇಟು ತೋರಿಸಬೇಕು. ಫೋನಿನ ಗಡಿಯಾರ 1970ಕ್ಕೆ ಜಾರಿದ್ದರೆ ಆ ಸರ್ಟಿಫಿಕೇಟು ಇನ್ನೂ ಹುಟ್ಟಿಯೇ ಇರುವುದಿಲ್ಲ.

'ಆಫ್ ಮಾಡಿ ಆನ್ ಮಾಡಿ' ಪಂಥಕ್ಕೆ ತರ್ಕವಿಲ್ಲ, ಪ್ರಮಾಣವಿಲ್ಲ, ಗುರುಪರಂಪರೆಯೂ ಇಲ್ಲ. ಫಲ ಕೊಡುತ್ತದೆ ಎಂಬುದೊಂದೇ ವಿದ್ವಾಂಸರಿಗೆ ಅದರ ಮೇಲಿರುವ ಸಿಟ್ಟು.

ಉಳಿದದ್ದು ಐಇಇಇ ಗ್ರಂಥಗಳಲ್ಲಿ ಉಲ್ಲೇಖವೇ ಇಲ್ಲದ ಒಂದು ಬಗೆ. ಇದು ತಿಂಗಳ ಐದನೇ ತಾರೀಖು ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ. ಕೆಳಗಿನ ಮನೆಯ ಫೋನು, ಟೀವಿ, ಲ್ಯಾಪ್‌ಟಾಪುಗಳನ್ನು ಒಟ್ಟಿಗೆ ಹಿಡಿಯುತ್ತದೆ, ಮೇಲಿನ ಮನೆಯವನ್ನು ಮುಟ್ಟುವುದಿಲ್ಲ. ಅಕ್ಷರ, ಗಡಿಯಾರ, ಸ್ಲ್ಯಾಬು ಎಲ್ಲವೂ ಸುಸ್ಥಿತಿಯಲ್ಲಿರುತ್ತವೆ. ಬಾಡಿಗೆಯನ್ನು ಯುಪಿಐ ಮಾಡಿ ಸ್ಕ್ರೀನ್‌ಶಾಟ್ ಕಳಿಸಿದರೆ, ಹೊಸ ಪಾಸ್‌ವರ್ಡ್ ಓನರ್ ಮೊಮ್ಮಗನ ಕೈಲಿ ಚೀಟಿಯಾಗಿ ಇಳಿದು ಬರುತ್ತದೆ.