ಮುನ್ನೂರು ಸೆಕೆಂಡಿನ ತಾಳ್ಮೆ

ಮನುಷ್ಯ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತು ಸುಮ್ಮನೆ ಕಾಯಬಹುದು ಎಂಬುದನ್ನು ಜರ್ಮನಿಯವರು ಗೊತ್ತುಮಾಡಿಟ್ಟಿದ್ದಾರೆ: 300 ಸೆಕೆಂಡು. ಅಷ್ಟು ಹೊತ್ತು ನಿಂತಲ್ಲೇ ನಿಂತ ಕಾರನ್ನು ರಸ್ತೆಯಿಂದ ಎತ್ತಿ, ಅದು ಹೋಗಬೇಕಾದ ದಾರಿಯಲ್ಲೇ ಮುಂದೆ ಎಲ್ಲಿ ಜಾಗವಿದೆಯೋ ಅಲ್ಲಿ ಇಳಿಸಲಾಗುತ್ತದೆ. ಕ್ರೇನು ಬೇಡ, ಪೊಲೀಸು ಬೇಡ, ಪುಷ್ಪಕ ವಿಮಾನವೂ ಬೇಡ. ಇದು ‘ಸುಮೋ’ ಎಂಬ ಸಂಚಾರ ಸಿಮ್ಯುಲೇಷನ್ ತಂತ್ರಾಂಶದೊಳಗಿನ ಕಾನೂನು. ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್ ಇದನ್ನು ಕಟ್ಟಿದ್ದು. 2001ರಿಂದ ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಬಾಹ್ಯಾಕಾಶದವರಿಗೆ ರಸ್ತೆಯ ಉಸಾಬರಿ ಯಾಕೆ ಎಂದು ಬೇರೆ ಊರಿನವರು ಕೇಳಿಯಾರು. ಬೆಂಗಳೂರಿನವರು ಕೇಳುವುದಿಲ್ಲ.

ನನ್ನ ಅಣ್ಣನ ಮಗಳು ಸಾರಿಗೆ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಓದುತ್ತಾ ನಮ್ಮ ಮನೆಯಲ್ಲಿದ್ದಾಳೆ. ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡದ್ದು ಸಿಲ್ಕ್ ಬೋರ್ಡ್ ಜಂಕ್ಷನ್. ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ನಕ್ಷೆ ತರಿಸಿಕೊಳ್ಳುವಾಗ ‘ಎಡಬದಿ ಸಂಚಾರ’ ಎಂದು ಗುರುತು ಹಾಕಬೇಕಂತೆ. ಇಲ್ಲದಿದ್ದರೆ ತಂತ್ರಾಂಶ ತನ್ನ ತವರಿನ ಪದ್ಧತಿಯಂತೆ ಎಲ್ಲರನ್ನೂ ಬಲಕ್ಕೇ ಓಡಿಸುತ್ತದೆ. “ಹಾಗೇ ಬಿಡು, ನಮ್ಮ ಅರ್ಧ ಸ್ಕೂಟರುಗಳ ಲೆಕ್ಕ ತಾನಾಗಿ ಸರಿಹೋಗುತ್ತೆ” ಎಂದೆ. ಅವಳು ನಗಲಿಲ್ಲ. ಗೈಡಿಗೆ ಹೆದರುವ ವಿದ್ಯಾರ್ಥಿಗಳು ಹಾಸ್ಯಕ್ಕೆ ಒಗ್ಗುವುದಿಲ್ಲ.

ನನಗೆ ಹಿಡಿಸಿದ್ದು ಅಲ್ಲಿನ ಕಾಲದ ವ್ಯವಹಾರ. ಅಲ್ಲಿ ಕಾಲ ಹರಿಯುವುದಿಲ್ಲ, ಹೆಜ್ಜೆ ಹಾಕುತ್ತದೆ. ನಾವಾಗಿ ಬದಲಿಸದಿದ್ದರೆ ಹೆಜ್ಜೆಗೊಂದು ಸೆಕೆಂಡು. ಪ್ರತಿ ಹೆಜ್ಜೆಗೂ ಪ್ರತಿ ಚಾಲಕ ಮುಂದಿನ ಗಾಡಿಯನ್ನು ನೋಡಿ ತನ್ನ ವೇಗ ಎಷ್ಟಿರಬೇಕೆಂದು ತೀರ್ಮಾನಿಸುತ್ತಾನೆ. ಮುಂದಿನವನಿಗೂ ತನಗೂ ನಡುವೆ ಅವನು ಕಾಯ್ದುಕೊಳ್ಳುವ ಅಂತರವೂ ಒಂದು ಸೆಕೆಂಡಿನದೇ. ಹೆಜ್ಜೆಯನ್ನು ಅದಕ್ಕಿಂತ ಉದ್ದ ಮಾಡಿದಿರೋ, ಪಾಪದವನಿಗೆ ಯೋಚಿಸುವ ಸರದಿ ಬರುವಷ್ಟರಲ್ಲಿ ಮುಂದಿನವನ ಡಿಕ್ಕಿಯೊಳಗೆ ಹೋಗಿರುತ್ತಾನೆ. 0.1 ಸೆಕೆಂಡಿಗೆ ಇಳಿಸಿದರೆ ಚಲನೆಯೇನೋ ನಯವಾಗುತ್ತದೆ, ಆದರೆ ಹೆಜ್ಜೆಗಳು ಹತ್ತುಪಟ್ಟಾಗಿ ಲ್ಯಾಪ್‌ಟಾಪಿನ ಫ್ಯಾನು ದೋಸೆಹಿಟ್ಟು ರುಬ್ಬುವ ಗ್ರೈಂಡರಿನಂತೆ ಕೂಗತೊಡಗುತ್ತದೆ.

ಇದರ ಜೊತೆ ‘ಡಿಲೇ’ ಎಂಬ ಇನ್ನೊಂದು ಗುಂಡಿ. ಅದು ಗಾಡಿಗಳಿಗಲ್ಲ, ನೋಡುವವರಿಗೆ. ಒಂದು ಸೆಕೆಂಡಿನ ಹೆಜ್ಜೆಗೆ 1000 ಮಿಲಿಸೆಕೆಂಡು ಡಿಲೇ ಇಟ್ಟರೆ ಒಳಗಿನ ಗಡಿಯಾರವೂ ಗೋಡೆಯ ಗಡಿಯಾರವೂ ಹೆಚ್ಚುಕಡಿಮೆ ಜೊತೆಯಾಗಿ ನಡೆಯುತ್ತವೆ. ಸೊನ್ನೆ ಇಟ್ಟರೆ ಲ್ಯಾಪ್‌ಟಾಪಿಗೆ ಉಸಿರಿರುವಷ್ಟು ವೇಗ. ಅವಳು ಒಮ್ಮೆ 1000 ಇಟ್ಟು ತೋರಿಸಿದಳು. ಸಿಲ್ಕ್ ಬೋರ್ಡನ್ನು ಇದ್ದ ವೇಗದಲ್ಲೇ ನೋಡುವುದಾದರೆ ಸಿಲ್ಕ್ ಬೋರ್ಡಿಗೇ ಹೋಗಬಹುದಲ್ಲ, ಅಲ್ಲಿ ಕಡಲೆಕಾಯಿಯಾದರೂ ಸಿಗುತ್ತದೆ.

ಚಾಲಕರ ಸ್ವಭಾವಕ್ಕೂ ಸಂಖ್ಯೆಗಳಿವೆ. ‘ಸಿಗ್ಮಾ’ ಎಂದರೆ ಚಾಲಕನ ಅರೆಕೊರೆ; ಸೊನ್ನೆಯಾದರೆ ಅಚ್ಚುಕಟ್ಟಿನ ಮನುಷ್ಯ, ಒಂದಾದರೆ ಪೂರ್ತಿ ಅಡ್ಡಾದಿಡ್ಡಿ, ಮಾಮೂಲಿಗೆ 0.5. ಒಂದಕ್ಕಿಂತ ಮೇಲೆ ಹೋಗಲು ಅವಕಾಶವಿಲ್ಲವೆಂದು ತಿಳಿದಾಗ, ಇದನ್ನು ಬರೆದವರು ನಮ್ಮ ಕಡೆ ಬಂದಿಲ್ಲವೆಂಬುದು ಖಾತ್ರಿಯಾಯಿತು. ದ್ವಿಚಕ್ರಿಗಳು ಸಂದಿಯಲ್ಲಿ ನುಗ್ಗಬೇಕಾದರೂ ಪಥವನ್ನು ಉದ್ದುದ್ದ ಸೀಳುವ ಬೇರೊಂದು ಸೆಟ್ಟಿಂಗ್ ಹಾಕಬೇಕು. ಅಲ್ಲಿಯವರೆಗೆ ಬೈಕೂ ಕಾರಿನ ಹಿಂದೆ ಸರದಿಯಲ್ಲೇ ನಿಲ್ಲುತ್ತದೆ, ಶಾಲೆಯ ಪ್ರಾರ್ಥನೆಯಲ್ಲಿ ನಿಂತಷ್ಟು ವಿಧೇಯವಾಗಿ. ಇಷ್ಟೆಲ್ಲ ಆಕಸ್ಮಿಕವೂ ಹುಟ್ಟುವುದು ‘ಸೀಡ್’ ಎಂಬ ಒಂದು ಸಂಖ್ಯೆಯಿಂದ. ನೀವು ಕೊಡದಿದ್ದರೆ ಅದು 23423. ಅದನ್ನು ಬದಲಿಸದೆ ಎಷ್ಟು ಸಲ ಓಡಿಸಿದರೂ ಅದೇ ಕಾರು ಅದೇ ಗಳಿಗೆಗೆ ಅದೇ ಜಾಗದಲ್ಲಿ ತಡವರಿಸುತ್ತದೆ. ಹಣೆಬರಹವೆಂದರೆ ಐದಂಕಿಯದು ಎಂದು ನನ್ನ ಅಜ್ಜಿಗೆ ಯಾರೂ ಹೇಳಿರಲಿಲ್ಲ.

ಪರದೆಯ ಸೆಟ್ಟಿಂಗುಗಳದು ಬೇರೆಯೇ ಮೋಜು. ಮಾಮೂಲಿ ನೋಟದಲ್ಲಿ ನೆಲ ಬಿಳಿ. ‘ರಿಯಲ್ ವರ್ಲ್ಡ್’ ಎಂಬ ನೋಟ ಆರಿಸಿದರೆ ರಸ್ತೆ ಬಿಟ್ಟು ಮಿಕ್ಕ ನೆಲವೆಲ್ಲ ಹಸಿರು. ಹೊಸೂರು ರಸ್ತೆಯ ಇಕ್ಕೆಲವೂ ಕಣ್ಣೆದುರೇ ಹುಲ್ಲುಗಾವಲಾಯಿತು. ಉದ್ಯಾನನಗರಿಯನ್ನು ಮರಳಿ ತರುವುದಕ್ಕೆ ಇಷ್ಟು ವರ್ಷ ಭಾಷಣ ಮಾಡಿದವರಿಗೆ ಈ ಮೆನು ತೋರಿಸಬೇಕು. ಗಾಡಿಗಳು ಸಣ್ಣದಾಗಿ ಕಂಡರೆ ಹಿಗ್ಗಿಸಿ ತೋರಿಸುವ ಅಂಕಿಯೂ ಇದೆ. ವೇಗಕ್ಕೆ ತಕ್ಕ ಬಣ್ಣವೂ ಉಂಟು: ನಿಂತವು ಕೆಂಪು, ಹೊರಟವು ಹಳದಿ, ಇನ್ನೂ ಜೋರಾದವು ಹಸಿರು. ನಮ್ಮ ಪರದೆಯಲ್ಲಿ ಹಸಿರೇನಿದ್ದರೂ ಆ ಹುಲ್ಲಿನದೇ.

ಆದರೂ ಒಂದು ಸಂಜೆ ಜಂಕ್ಷನ್ ಅನುಮಾನ ಬರುವಷ್ಟು ಶಾಂತವಾಗಿತ್ತು. ಕಾರಣ ಕೇಳಿದರೆ, ರಸ್ತೆಗಿಳಿಯಲು ಜಾಗ ಸಿಗದ ಗಾಡಿಗಳನ್ನು ಸುಮೋ ನಕ್ಷೆಯ ಹೊರಗೆ ಕಾಯಿಸುತ್ತದಂತೆ. ಅವು ಚಿತ್ರದಲ್ಲಿ ಕಾಣುವುದಿಲ್ಲ, ಲೆಕ್ಕದಲ್ಲಿ ಮಾತ್ರ ಇರುತ್ತವೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಂಜಿನ್ ಚಾಲೂ ಮಾಡಿ, ಗೇಟಿನಾಚೆ ಸಂದಿ ಸಿಗದೆ ಕೂತ ಗೃಹಸ್ಥರೆಲ್ಲ ಈ ಲೆಕ್ಕದವರೇ. ಜೊತೆಗೆ ಆ ಐದು ನಿಮಿಷದ ಎತ್ತಂಗಡಿ ಬೇರೆ. ಎತ್ತಿದಾಗಲೆಲ್ಲ ಕೆಳಗೆ ಒಂದು ಎಚ್ಚರಿಕೆ ಮೂಡುತ್ತದೆ: ಇಂಥ ಕಾರು ಬಹಳ ಹೊತ್ತು ಕಾಯಿತು, ಕಾರಣ ಇಂಥದು. ಜಾಮ್ ಎಂಬುದೊಂದು ಕಾರಣ, ತಪ್ಪು ಪಥ ಇನ್ನೊಂದು. ಎದುರಿನವರಿಗೆ ದಾರಿ ಬಿಡುತ್ತಾ ನಿಂತದ್ದು ಮೂರನೆಯದು. ಸಿಲ್ಕ್ ಬೋರ್ಡಿನಲ್ಲಿ ಐದು ನಿಮಿಷ ಪರರಿಗೆ ದಾರಿ ಬಿಟ್ಟವನನ್ನು ಎತ್ತಿ ಮುಂದಿಡುವುದೇ? ಕರೆದು ಶಾಲು ಹೊದಿಸಬೇಕು.

ಗೈಡ್ ಮಾತ್ರ ಕೆಂಡವಾದರಂತೆ. ಸಿಕ್ಕಿಬಿದ್ದವರನ್ನೆಲ್ಲ ಮಾಯ ಮಾಡಿ ‘ಸಂಚಾರ ಸುಗಮ’ ಎಂದು ಬರೆಯುವುದಾದರೆ ಸಿಗ್ನಲ್ ಯಾಕೆ, ಎಂಜಿನಿಯರು ಯಾಕೆ ಎಂದು ಕೇಳಿದರಂತೆ. ಮಾತು ನ್ಯಾಯವೇ. ಅವಳು 300 ಅಳಿಸಿ -1 ಎಂದು ಹಾಕಿದಳು: ಇನ್ನು ಯಾರನ್ನೂ ಎತ್ತುವಂತಿಲ್ಲ. ಸ್ವಲ್ಪ ಹೊತ್ತಿಗೆ ನಾಲ್ಕೂ ದಿಕ್ಕಿನ ಗಾಡಿಗಳು ಜಂಕ್ಷನ್ನಿನ ನಡುವೆ ಒಂದರ ಬಾಲ ಇನ್ನೊಂದಕ್ಕೆ ಅಡ್ಡವಾಗಿ ಬಿಗಿದುಕೊಂಡವು. ಪರದೆ ಪೂರ್ತಿ ಕೆಂಪು. ಸಿಗ್ನಲ್ಲು ಮಾತ್ರ ಶ್ರದ್ಧೆಯಿಂದ ಹಸಿರಾಗಿ, ಕೆಂಪಾಗಿ, ಮತ್ತೆ ಹಸಿರಾಗುತ್ತಿತ್ತು.

“ಈಗ ಸರಿಯಾಯ್ತು ನೋಡಿ ಚಿಕ್ಕಪ್ಪ!” ಎಂದು ಅವಳು ಹಿಗ್ಗಿದಳು.

ನನಗೆ ತಡೆಯಲಾಗಲಿಲ್ಲ. ಮೂಲೆಯಲ್ಲಿ ಒಂದು ಬಸ್ಸಿತ್ತು. ಅದೊಂದನ್ನಾದರೂ ಬಿಡಿಸು ಎಂದು ಶಿಫಾರಸು ಮಾಡಿದೆ. ಒಂದಕ್ಕೆ ಬಿಟ್ಟರೆ ಎಲ್ಲಕ್ಕೂ ಬಿಡಬೇಕಾಗುತ್ತದೆ ಎಂದಳು, ಥೇಟ್ ಸರ್ಕಾರಿ ಕಚೇರಿಯ ದನಿಯಲ್ಲಿ. ಒಳಗಿಂದ ನನ್ನ ಹೆಂಡತಿ ಸಾರಿನ ಪಾತ್ರೆ ಹಿಡಿದು ಬಂದು ಮೇಜಿನ ಬಳಿ ನಿಂತಳು.

“ರೀ, ನಿಮ್ಮ ಸಿಲ್ಕ್ ಬೋರ್ಡ್ ಸ್ವಲ್ಪ ಆ ಕಡೆ ಸರಿಸ್ರಿ, ಕೈ ಸುಡ್ತಿದೆ.”