ಕಿರುವಿಮಾನ ವರ್ಣಮೀಮಾಂಸೆ: ಒಂದು ಶುದ್ಧಪಾಠದ ಪ್ರಯತ್ನ

ಯಾವುದೇ ಶಾಸ್ತ್ರಗ್ರಂಥದ ಮೊದಲಲ್ಲೇ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿ ಮುಗಿಸಬೇಕೆಂಬುದು ಪೂರ್ವಿಕರ ಕಟ್ಟಳೆ. ಪ್ರಸ್ತುತ ಶಾಸ್ತ್ರದ ವಿಷಯ, 72ರಲ್ಲಿ ಒಂದರ ಅಳತೆಯ ಪ್ಲಾಸ್ಟಿಕ್ ಯುದ್ಧವಿಮಾನಕ್ಕೆ ಬಣ್ಣ ಬಳಿದು ಡೆಕಾಲ್ ಎಂಬ ಅಂಟುಚಿತ್ರ ಹಚ್ಚುವುದು. ಅಧಿಕಾರಿ ಎಂದರೆ ಇದನ್ನು ಓದಲು ಅರ್ಹನಾದವನು: ನಲವತ್ತು ದಾಟಿದ, ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಏರಿಸಬಲ್ಲ, ಊಟಕ್ಕೆ ಕರೆದರೆ “ಈ ಕೋಟ್ ಒಂದು ಒಣಗಲಿ, ಬಂದೆ” ಎನ್ನುವ ಗೃಹಸ್ಥ. ಸಂಬಂಧ ಇರುವುದು ವಿಷಯಕ್ಕೂ ಅಧಿಕಾರಿಗೂ. ಉಳಿದ ಸಂಬಂಧಗಳು ಈ ಅವಧಿಯಲ್ಲಿ ತುಸು ಸಡಿಲವಾಗುತ್ತವೆ. ಪ್ರಯೋಜನದ ಬಗ್ಗೆ ಸೂತ್ರಕಾರರು ಮೌನ ತಾಳಿದ್ದಾರೆ.

ಪ್ರಬಂಧದ ಪ್ರತಿಜ್ಞೆ ಸರಳವಾದದ್ದು. ಹಾರಿದ ವಿಮಾನ ಮೂಲ, ಮೇಜಿನ ಮೇಲಿನದು ಅದರ ನಕಲು ಎಂದು ಲೋಕ ನಂಬಿದೆ. ಗ್ರಂಥಸಂಪಾದನ ಶಾಸ್ತ್ರದ ಬೆಳಕಿನಲ್ಲಿ ನೋಡಿದರೆ ಇದು ತಲೆಕೆಳಗಾದ ತಿಳಿವಳಿಕೆ. ಬ್ರಿಟನ್ನಿನ ವಾಯು ಸಚಿವಾಲಯ ಹೊರಡಿಸಿದ ಬಣ್ಣದ ಆದೇಶವೇ ಮೂಲಪಾಠ. ಕಾರ್ಖಾನೆಯ ಬಣ್ಣಗಾರನೂ ವಾಯುನೆಲೆಯ ಮೆಕ್ಯಾನಿಕ್ಕೂ ಕೇವಲ ಲಿಪಿಕಾರರು. ಪಂಪನನ್ನು ಓಲೆಗರಿಗೆ ಇಳಿಸುವಾಗ ಲಿಪಿಕಾರ ನಿದ್ದೆಗಣ್ಣಿನಲ್ಲಿ ಬಿಟ್ಟ ಅಕ್ಷರವನ್ನು ಶತಮಾನಗಳ ಮೇಲೆ ಸಂಪಾದಕ ತುಂಬಿಕೊಡುತ್ತಾನೆ. ಹಾಗೆಯೇ ಡಬ್ಬಿಯಲ್ಲಿ ಬಣ್ಣ ತೀರಿತೆಂದು ಕೈಗೆ ಸಿಕ್ಕಿದ್ದನ್ನು ಬಳಿದ ಮೆಕ್ಯಾನಿಕ್ಕಿನ ಸ್ಖಾಲಿತ್ಯವನ್ನು ಇಂದಿನ ಹವ್ಯಾಸಿ ತಿದ್ದುತ್ತಾನೆ. ಆದ್ದರಿಂದ ಹದಿನೈದೂವರೆ ಸೆಂಟಿಮೀಟರ್ ರೆಕ್ಕೆಯ ಪ್ಲಾಸ್ಟಿಕ್ ಸ್ಪಿಟ್‌ಫೈರೇ ಶುದ್ಧಪಾಠ. ಇಂಗ್ಲಿಷ್ ಕಾಲುವೆಯ ಮೇಲೆ ಹಾರಿದ್ದು ಅಪಪಾಠ.

ಪರಂಪರೆಯ ಬಗ್ಗೆ ಎರಡು ಮಾತು ಸಾಕು. ಆರಡಿಗೆ ಒಂದು ಅಂಗುಲ ಎಂಬ ಈ ಅಳತೆ 1930ರ ದಶಕದ ಇಂಗ್ಲೆಂಡಿನಲ್ಲಿ ಮರದ ಕಿಟ್‌ಗಳೊಂದಿಗೆ ನೆಲೆಯೂರಿತು. 1936ರಲ್ಲಿ ಫ್ರಾಗ್ ಪೆಂಗ್ವಿನ್ ಎಂಬ ಸರಣಿ ಇದೇ ಅಳತೆಯಲ್ಲಿ ಪ್ಲಾಸ್ಟಿಕ್ ವಿಮಾನಗಳನ್ನು ತಂದಿತು. 1950ರ ದಶಕದಲ್ಲಿ ಏರ್‌ಫಿಕ್ಸ್ ಕಂಪನಿಯ ಮೊದಲ ಸ್ಪಿಟ್‌ಫೈರ್ ಬಂತು. ಪಕ್ಕೆಯ ಮೇಲಿದ್ದ ಅಕ್ಷರಗಳಿಂದಾಗಿ ಬಲ್ಲವರು ಅದನ್ನು ಇಂದಿಗೂ ಬಿಟಿಕೆ ಎಂದೇ ಕರೆಯುತ್ತಾರೆ. ಅದರ ಆಕಾರದ ಬಗ್ಗೆ ಬಲ್ಲವರು ಆಡುವ ಮಾತುಗಳು ಶಾಸ್ತ್ರಗ್ರಂಥಕ್ಕೆ ತಕ್ಕವಲ್ಲ.

ಪ್ರಸ್ತುತ ಅಧ್ಯಯನಕ್ಕೆ ಆಯ್ದುಕೊಂಡ ಪ್ರತಿ, ಬ್ರಿಟನ್ನಿನ ವಾಯುಪಡೆಯಾದ ಆರ್‌ಎಎಫ್‌ನ 129ನೇ ಸ್ಕ್ವಾಡ್ರನ್ನಿನ ಸ್ಪಿಟ್‌ಫೈರ್ ಐದನೇ ಮಾರ್ಕ್, ‘ಬಿ’ ಮಾದರಿ. ಈ ಆಯ್ಕೆಗೆ ಕಾರಣವಿದೆ. 1941ರ ಜೂನ್‌ನಲ್ಲಿ ಯಾರ್ಕ್‌ಷೈರಿನ ಲೆಕನ್‌ಫೀಲ್ಡ್‌ನಲ್ಲಿ ಕಟ್ಟಿದ ಈ ಪಡೆಯ ಪೂರ್ಣ ಹೆಸರು 129 ಮೈಸೂರು ಸ್ಕ್ವಾಡ್ರನ್. ಯುದ್ಧಕ್ಕೆ ಮೈಸೂರು ಸಂಸ್ಥಾನ ಕೊಟ್ಟ ನೆರವಿನ ನೆನಪಿಗೆ ಬಂದ ಹೆಸರು ಅದು. ಲಾಂಛನದಲ್ಲಿರುವುದು ಸಾಕ್ಷಾತ್ ಗಂಡಭೇರುಂಡ. ಬಳ್ಳಿಗಾವಿಯ ಕಂಬದ ಮೇಲೆ ಕುಳಿತಿದ್ದ ಹಕ್ಕಿ ಯಾರ್ಕ್‌ಷೈರಿನ ಮಂಜಿನಲ್ಲಿ ಇಳಿದದ್ದು ಕಾವ್ಯಕ್ಕೆ ಸಮೃದ್ಧ ವಸ್ತು. ಈ ಪ್ರಬಂಧ ಮಾತ್ರ ಅದು ಯಾವ ಬಣ್ಣದ ವಿಮಾನದ ಮೇಲೆ ಇಳಿಯಿತು ಎಂಬುದನ್ನಷ್ಟೇ ವಿಚಾರಿಸುತ್ತದೆ.

ಮೊದಲು ಪ್ರಮಾಣಶಾಸ್ತ್ರ. 72ರ ಮಗ್ಗಿ ಬಾರದವನು ಈ ಕ್ಷೇತ್ರಕ್ಕೆ ಕಾಲಿಡಬಾರದು. ಒದ್ದೆ ಬಣ್ಣದ ಮೇಲೆ ಎರಡು ಸೆಂಟಿಮೀಟರಿನ ಹೆಬ್ಬೆಟ್ಟಿನ ಗುರುತು ಬಿದ್ದರೆ, ಲೆಕ್ಕದಲ್ಲಿ ಅದು ಒಂದು ಮೀಟರ್ 44 ಸೆಂಟಿಮೀಟರಿನ ಬೆರಳು, ಬಕಾಸುರನದು ಎನ್ನಬಹುದು. ಹಾರಿ ಬಂದು ಅಂಟಿದ ಒಂದು ಸೆಂಟಿಮೀಟರ್ ಎಳೆ ಮುಕ್ಕಾಲು ಮೀಟರಿನ ಹಗ್ಗವಾಗುತ್ತದೆ. ಬಣ್ಣದ ಪದರ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪವಾದರೆ ವಿಮಾನಕ್ಕೆ ಏಳು ಮಿಲಿಮೀಟರಿನ ಗಾರೆ ಮೆತ್ತಿದಂತೆ. ಸ್ಪಿಟ್‌ಫೈರಿನ ಮೇಲ್ಮೈ ಎಷ್ಟು ನಯವಾಗಿರಬೇಕೆಂದು ಅದನ್ನು ಕಟ್ಟಿದವರಿಗೇ ಚಿಂತೆಯಿತ್ತು. ಎಲ್ಲ ಕಡೆಯೂ ತಲೆ ಹುದುಗಿದ ರಿವೆಟ್ ಬೇಕೆ, ಉಬ್ಬಿದ ತಲೆಯ ಅಗ್ಗದ ರಿವೆಟ್ ಎಲ್ಲಾದರೂ ನಡೆದೀತೆ ಎಂದು ತಿಳಿಯಲು ಅವರು ರಿವೆಟ್ಟುಗಳ ಮೇಲೆಲ್ಲ ಒಡೆದ ಬಟಾಣಿ ಅಂಟಿಸಿ ಹಾರಿಸಿ ನೋಡಿದರು. ವೇಗ ಗಂಟೆಗೆ 22 ಮೈಲಿಯಷ್ಟು ಇಳಿಯಿತು. ಆಮೇಲೆ ಸಾಲುಸಾಲಾಗಿ ಬಟಾಣಿ ಕಿತ್ತು, ಎಲ್ಲಿ ಉಬ್ಬಿದ್ದರೆ ನಷ್ಟವಿಲ್ಲ ಎಂದು ಕಂಡುಕೊಂಡರು. ವಿಮಾನಶಾಸ್ತ್ರಕ್ಕೆ ದ್ವಿದಳ ಧಾನ್ಯ ಕೊಟ್ಟ ಕಾಣಿಕೆ ಇದು. ಅದೇ ಬಟಾಣಿಯನ್ನು 72ನೇ ಅಳತೆಗೆ ಇಳಿಸಿದರೆ ಧೂಳಿನ ಕಣದಷ್ಟಾಗುತ್ತದೆ. ಹವ್ಯಾಸಿಯ ಮೇಜಿನ ಮೇಲೆ ಅಂಥ ಬಟಾಣಿಗೆ ಎಂದೂ ಬರವಿಲ್ಲ.

ಪೂರ್ವಾಂಗ ಕರ್ಮಗಳನ್ನು ಸಂಕ್ಷೇಪದಲ್ಲಿ ಹೇಳಬಹುದು: ಪಾತ್ರೆ ತೊಳೆಯುವ ಸೋಪಿನಿಂದ ಮಂಗಳಸ್ನಾನ, ಅಚ್ಚಿನ ಜಿಡ್ಡು ಹೋದ ಮೇಲೆ ಬೂದು ಪ್ರೈಮರ್. ಬಣ್ಣವನ್ನು ತಿನ್ನರಿನಲ್ಲಿ ಕಲಸುವ ಹದದ ವಿಷಯದಲ್ಲಿ ಮಾತ್ರ ಒಂದು ಘೋರ ಸಮಸ್ಯೆಯಿದೆ. ಏರ್‌ಬ್ರಷ್‌ಗೆ ಹಾಕುವ ಬಣ್ಣ ಹಾಲಿನಷ್ಟು ತೆಳುವಾಗಿರಬೇಕು ಎಂದು ಎಲ್ಲ ಆಚಾರ್ಯರೂ ಒಂದೇ ಬಾಯಲ್ಲಿ ಹೇಳುತ್ತಾರೆ. ಯಾವ ಹಾಲು? ಟೋನ್ಡ್ ಹಾಲಿನಲ್ಲಿ ಶೇಕಡಾ 3 ಕೊಬ್ಬು, ಫುಲ್ ಕ್ರೀಮಿನಲ್ಲಿ ಶೇಕಡಾ 6. ನೀರು ಬೆರೆಸಿದ ಮೇಲಿನ ಹಾಲೋ ಬೆರೆಸುವ ಮುನ್ನಿನ ಹಾಲೋ? ಕಾಯಿಸಿದ್ದೋ ಹಸಿಯದೋ? ಸೂತ್ರ ಇದನ್ನು ಹೇಳದೆ ಬಿಟ್ಟದ್ದರಿಂದಲೇ ಒಬ್ಬನ ರೆಕ್ಕೆಯ ಮೇಲೆ ಬಣ್ಣ ಹರಿದು ಇಳಿಯುತ್ತದೆ, ಇನ್ನೊಬ್ಬನ ಏರ್‌ಬ್ರಷ್ಷಿನ ಮೂತಿಯಲ್ಲಿ ಕೆನೆಗಟ್ಟುತ್ತದೆ.

ಈಗ ಮುಖ್ಯ ಪ್ರಕರಣ: ಬಣ್ಣ ಯಾವುದು? 1940ರ ಜೂನ್‌ನಲ್ಲಿ, ಫೈಟರ್ ವಿಮಾನಗಳ ಹೊಟ್ಟೆಗೆ ‘ಸ್ಕೈ’ ಎಂಬ ಬಣ್ಣ ಬಳಿಯಬೇಕೆಂದು ಆದೇಶವಾಯಿತು. ಹೆಸರು ಆಕಾಶ, ಬಣ್ಣ ಮಾಸಲು ಹಸಿರು. ಆದೇಶ ತಲುಪಿದಷ್ಟು ಬೇಗ ಡಬ್ಬಿಗಳು ತಲುಪಲಿಲ್ಲ. ನೆಲೆಗಳಲ್ಲಿ ಇದ್ದಬದ್ದ ನೀಲಿ, ಹಸಿರು, ಬಿಳಿಗಳನ್ನು ಬೆರೆಸಿ ತಮತಮಗೆ ತೋಚಿದ ಆಕಾಶವನ್ನು ಬಳಿದುಕೊಂಡರು. ಈ ಪಾಠಾಂತರಗಳ ಸುತ್ತ ಇಂದು ಮೂರು ಮತಗಳು ಬೆಳೆದಿವೆ. ಅದ್ವೈತಿಗಳ ಪ್ರಕಾರ ಸ್ಕೈ ಒಂದೇ; ಹಂಬ್ರಾಲ್, ಟಮಿಯಾ ಎಂಬ ಕಂಪನಿಗಳ ಭೇದವೆಲ್ಲ ಡಬ್ಬಿಯೆಂಬ ಉಪಾಧಿಯಿಂದ ಹುಟ್ಟಿದ ಭ್ರಮೆ. ದ್ವೈತಿಗಳಿಗೆ ಹಂಬ್ರಾಲಿನ ಸ್ಕೈಗೂ ಟಮಿಯಾದ ಸ್ಕೈಗೂ ಇರುವ ಭೇದ ನಿತ್ಯ, ಸತ್ಯ, ಅನಾದಿ. ಒಂದೇ ಕಂಪನಿಯ ಹಳೆಯ ಡಬ್ಬಿಗೂ ಹೊಸ ಡಬ್ಬಿಗೂ ಭೇದವುಂಟು, ಡಬ್ಬಿಗೂ ಅದರ ಮುಚ್ಚಳಕ್ಕೂ ಉಂಟು. ವಿಶಿಷ್ಟಾದ್ವೈತಿಗಳು ಬಣ್ಣ ಒಂದೇ ಎಂದು ಒಪ್ಪುತ್ತಾರೆ, ಆದರೆ ಬಿಳಿಯಿಂದ ವಿಶಿಷ್ಟವಾದದ್ದು ಎನ್ನುತ್ತಾರೆ. ಇವರ ಸಿದ್ಧಾಂತದ ಹೆಸರು ‘ಸ್ಕೇಲ್ ಎಫೆಕ್ಟ್’. ಒಂದಡಿ ದೂರದಿಂದ ಕಿರುವಿಮಾನ ನೋಡುವವನು ತತ್ತ್ವತಃ 72 ಅಡಿ ದೂರದಿಂದ ನಿಜವಿಮಾನ ನೋಡುತ್ತಿದ್ದಾನೆ. ನಡುವಿನ ಗಾಳಿ ಬಣ್ಣವನ್ನು ತಿಳಿಯಾಗಿಸುತ್ತದೆ. ಆದ್ದರಿಂದ ಪ್ರತಿ ಬಣ್ಣಕ್ಕೂ ಶೇಕಡಾ 15ರಷ್ಟು ಬಿಳಿ ಸೇರಬೇಕು. 72 ಅಡಿಯ ಗಾಳಿಗೆ ಅಷ್ಟು ಶಕ್ತಿಯಿದ್ದರೆ ಮೈಸೂರಿನಿಂದ ಚಾಮುಂಡಿಬೆಟ್ಟ ಕಾಣಲೇಬಾರದಿತ್ತು ಎಂಬ ಪೂರ್ವಪಕ್ಷಕ್ಕೆ ಅವರು ಇನ್ನೂ ಉತ್ತರಿಸಿಲ್ಲ.

ಮೈಸೂರು ಸ್ಕ್ವಾಡ್ರನ್ನಿನ ಬೆನ್ನಿನ ಬಣ್ಣ ಇದಕ್ಕಿಂತ ಜಟಿಲ. ಅದು ಹುಟ್ಟಿದ ಜೂನ್‌ನಲ್ಲಿ ಆದೇಶವಿದ್ದದ್ದು ಕಂದು ಮತ್ತು ಹಸಿರಿಗೆ. ಎರಡು ತಿಂಗಳಾಗುವುದರೊಳಗೆ, ಆಗಸ್ಟ್‌ನಲ್ಲಿ, ಕಂದಿನ ಜಾಗಕ್ಕೆ ‘ಓಷನ್ ಗ್ರೇ’ ಬಂತು. ಮತ್ತೆ ಅದೇ ಕಥೆ: ಡಬ್ಬಿ ಇಲ್ಲ. ಸಿಗುವವರೆಗೆ ಏಳು ಪಾಲು ‘ಮೀಡಿಯಂ ಸೀ ಗ್ರೇ’ಗೆ ಒಂದು ಪಾಲು ಕಪ್ಪು ಬೆರೆಸಿಕೊಳ್ಳಿ ಎಂದು ಸೂಚನೆ ಹೋಯಿತು. ಏಳಕ್ಕೆ ಒಂದು ಎಂಬ ಅನುಪಾತವನ್ನು ಚಳಿಯಲ್ಲಿ ಬಕೆಟ್ ಹಿಡಿದು ನಿಂತ ಮೆಕ್ಯಾನಿಕ್ ಎಷ್ಟರ ಮಟ್ಟಿಗೆ ಪಾಲಿಸಿದನೋ! ಇಂದಿನ ಹವ್ಯಾಸಿ ಮಾತ್ರ ಸಿರಿಂಜಿನಲ್ಲಿ ಹನಿ ಎಣಿಸುತ್ತಾನೆ.

ಪ್ರಮಾಣವಾಗಿ ಉಳಿದಿರುವುದು ಹೆಚ್ಚಾಗಿ ಕಪ್ಪು-ಬಿಳುಪು ಫೋಟೊಗಳು. ಬೂದುಬಣ್ಣವನ್ನು ನೋಡಿ ಹಸಿರನ್ನು ಓದುವ ಈ ವಿದ್ಯೆಯ ಮುಂದೆ ಹಳಗನ್ನಡ ಶಾಸನ ಓದುವುದು ಮಕ್ಕಳ ಆಟ. ಅದರಲ್ಲೂ ಆರ್ಥೋಕ್ರೊಮ್ಯಾಟಿಕ್ ಎಂಬ ಹಳೆಯ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ, ಹಳದಿಯನ್ನು ಅದು ಇದ್ದದ್ದಕ್ಕಿಂತ ಗಾಢವಾಗಿ ತೋರಿಸುತ್ತಿತ್ತು. ಪಕ್ಕೆಯ ಮೇಲಿನ ವಾಯುಪಡೆಯ ಗುರುತಿನ ಚಕ್ರಕ್ಕೆ ಹೊರಗಿನ ಹಳದಿ ಬಳೆ ಇದೆಯೋ ಇಲ್ಲವೋ ಎಂಬ ವಾದ ಹೀಗೆ ಫಿಲ್ಮಿನ ರಸಾಯನದೊಳಗೆ ಇಳಿದು, ಅಲ್ಲಿಂದ ವಾದಿಗಳ ವೈಯಕ್ತಿಕ ಚಾರಿತ್ರ್ಯಕ್ಕೆ ಏರುತ್ತದೆ.

ಬಣ್ಣ ಒಣಗಿದ ಮೇಲೆ ಡೆಕಾಲ್ ಪ್ರಕರಣ. ಇಲ್ಲಿ ಶಾಸ್ತ್ರ ಒಂದು ವಿಚಿತ್ರ ವಿಧಿಯನ್ನು ಇಡುತ್ತದೆ: ಇಷ್ಟು ಕಷ್ಟಪಟ್ಟು ತಂದ ಮ್ಯಾಟ್ ಬಣ್ಣದ ಮೇಲೆ ಈಗ ಕನ್ನಡಿಯಂತೆ ಹೊಳೆಯುವ ಗ್ಲಾಸ್ ವಾರ್ನಿಷ್ ಹೊಡೆಯಬೇಕು, ಡೆಕಾಲ್ ಕೂತ ಮೇಲೆ ಮತ್ತೆ ಮ್ಯಾಟ್ ಹೊಡೆದು ಆ ಹೊಳಪನ್ನು ಕೊಲ್ಲಬೇಕು. ಕಾರಣವುಂಟು. ಮ್ಯಾಟ್ ಮೇಲ್ಮೈ ಸೂಕ್ಷ್ಮದಲ್ಲಿ ಹಳ್ಳದಿಣ್ಣೆ. ಡೆಕಾಲಿನ ಪೊರೆ ಅದರ ಮೇಲೆ ಕೂತಾಗ ಹಳ್ಳಗಳಲ್ಲಿ ಗಾಳಿ ಸಿಕ್ಕಿಬಿದ್ದು ಬೆಳ್ಳಿಯಂತೆ ಮಿನುಗುತ್ತದೆ. ‘ಸಿಲ್ವರಿಂಗ್’ ಎಂಬ ಈ ದೋಷ ತೊನ್ನಿನಂತೆ ಕಂಡರೂ ಯಾವ ಪಥ್ಯಕ್ಕೂ ಬಗ್ಗುವುದಿಲ್ಲ.

ಬೆಚ್ಚಗಿನ ನೀರಿನಲ್ಲಿ ಅದ್ದಿದಾಗ ಕಾಗದದ ಅಂಟು ಕರಗುತ್ತದೆ, ಚಿತ್ರ ಜಾರುತ್ತದೆ, ಮತ್ತು ಜಾರುವ ಗಳಿಗೆಯಲ್ಲಿ ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ. ಬಿಡಿಸಹೋದರೆ ಹರಿಯುತ್ತದೆ. ಮೈಕ್ರೋ ಸೆಟ್ ಎಂಬ ದ್ರವ ಅಂಟಿಸಲು. ಅದಕ್ಕೆ ವಿನೆಗರಿನ ವಾಸನೆ, ಮನೆಯವರು ಉಪ್ಪಿನಕಾಯಿ ಕೆಟ್ಟಿತೆಂದು ಭಾವಿಸುವುದುಂಟು. ಮೈಕ್ರೋ ಸೋಲ್ ಎಂಬುದು ಪೊರೆಯನ್ನು ಮೆದುಮಾಡಿ ಸಂದುಗಳೊಳಗೆ ಇಳಿಸಲು. ಇದನ್ನು ಹಚ್ಚಿದ ಕೂಡಲೇ ಡೆಕಾಲ್ ಸುಕ್ಕುಗಟ್ಟುತ್ತದೆ. ಆಗ ಮುಟ್ಟಬಾರದು. ಮುಟ್ಟದೆ ಬಿಟ್ಟರೆ ಒಣಗುತ್ತ ತಾನಾಗಿ ಹಾಸಿಕೊಂಡು ಬಣ್ಣದೊಳಗೆ ಒಂದಾಗುತ್ತದೆ. ಇಡೀ ಶಾಸ್ತ್ರದಲ್ಲಿ ನಿಷ್ಕಾಮ ಕರ್ಮಕ್ಕೆ ಸ್ಥಾನವಿರುವುದು ಇಲ್ಲೊಂದೇ ಕಡೆ, ಪ್ರಾಯಶಃ ಅದಕ್ಕೇ ಎಲ್ಲರೂ ಸೋಲುವುದೂ ಇಲ್ಲೇ.

ಗಂಡಭೇರುಂಡವನ್ನು ಡೆಕಾಲಿನಲ್ಲಿ ತರಬಯಸುವವರಿಗೆ ಎಚ್ಚರಿಕೆ: ಒಂದಡಿಯ ಲಾಂಛನ ಈ ಅಳತೆಯಲ್ಲಿ ನಾಲ್ಕು ಮಿಲಿಮೀಟರ್. ಅದರೊಳಗೆ ಎರಡು ತಲೆ. ಒಂದು ತಲೆ ಮಡಚಿಕೊಂಡರೆ ಉಳಿಯುವುದು ಸಾಧಾರಣ ಗಿಡುಗ, ಅಂದರೆ ಬೇರೆ ಯಾವುದೋ ದೇಶದ ವಾಯುಪಡೆ.

ಪ್ರತಿಜ್ಞೆಗೆ ಬಲವಾದ ಆಕ್ಷೇಪ ಬರುವುದು 1944ರ ಜೂನ್ ಮೊದಲ ವಾರದಿಂದ. ನಾರ್ಮಂಡಿಯ ದಾಳಿಗೆ ಮುನ್ನ, ತಮ್ಮವರು ತಮ್ಮ ಮೇಲೆಯೇ ಗುಂಡು ಹಾರಿಸದಿರಲೆಂದು, ಮಿತ್ರಪಡೆಗಳ ವಿಮಾನಗಳಿಗೆ ಮೂರು ಬಿಳಿ, ಎರಡು ಕಪ್ಪು ಪಟ್ಟೆ ಬಳಿಯಬೇಕೆಂದು ಆಜ್ಞೆಯಾಯಿತು. ಒಂಟಿ ಎಂಜಿನ್ನಿನ ವಿಮಾನಕ್ಕೆ ಪ್ರತಿ ಪಟ್ಟೆ 18 ಅಂಗುಲ. ಗುಟ್ಟು ಕಾಯಬೇಕಿದ್ದರಿಂದ ಕೊನೆ ಗಳಿಗೆಯಲ್ಲಿ ಬಂದ ಆಜ್ಞೆ. ನೆಲದ ಸಿಬ್ಬಂದಿ ಕುಂಚ, ಪೊರಕೆ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ರಾತ್ರಿಯೆಲ್ಲ ಬಳಿದರು. ಮೈಸೂರು ಸ್ಕ್ವಾಡ್ರನ್ ಆ ವೇಳೆಗೆ ಮಸ್ಟಾಂಗ್ ವಿಮಾನಗಳಿಗೆ ಬದಲಾಗಿತ್ತು. ಪಟ್ಟೆಯಿಂದ ಅದಕ್ಕೂ ವಿನಾಯಿತಿ ಇರಲಿಲ್ಲ. ಪಟ್ಟೆಗಳು ಎಷ್ಟೋ ಕಡೆ ಸೊಟ್ಟ, ಅಂಚು ಅಲೆಅಲೆ. ಒಂದು ತಲೆಮಾರಿನ ಹವ್ಯಾಸಿಗಳು ಕಾಲಂಗುಲದ ಮಾಸ್ಕಿಂಗ್ ಟೇಪ್ ಹಚ್ಚಿ ಈ ಪಟ್ಟೆಗಳನ್ನು ಗೆರೆ ಎಳೆದಷ್ಟು ನೇರ ಮಾಡಿದರು. ಮುಂದಿನ ತಲೆಮಾರು ಫೋಟೊ ನೋಡಿ ಬೆಚ್ಚಿತು. ಸೊಟ್ಟತನ ಲಿಪಿಕಾರನ ತಪ್ಪೋ, ಕವಿಯ ಇಂಗಿತವೋ? ಎರಡು ಪಾಠಗಳಲ್ಲಿ ಕ್ಲಿಷ್ಟವಾದದ್ದೇ ಗ್ರಾಹ್ಯ ಎಂಬುದು ಸಂಪಾದನ ಶಾಸ್ತ್ರದ ನಿಯಮ. ಸೊಟ್ಟ ಬಳಿಯುವುದೇ ಕ್ಲಿಷ್ಟವಾದ್ದರಿಂದ ಸೊಟ್ಟವೇ ಗೆದ್ದಿತು. ಅಂದು ಒಂದು ರಾತ್ರಿಯಲ್ಲಿ ಪೊರಕೆ ಮಾಡಿದ ಕೆಲಸವನ್ನು ಇಂದು ಮೂರು ಕೂದಲಿನ ಕುಂಚ ವಾರಗಟ್ಟಲೆ ಮಾಡುತ್ತದೆ, ಪೊರಕೆಯ ಒಂದೊಂದು ಕಡ್ಡಿಯ ಗುರುತಿನೊಂದಿಗೆ.

ಕೊನೆಯದು ಮಾಲಿನ್ಯ ಪ್ರಕರಣ. ಎಣ್ಣೆಯ ಕಲೆ, ಎಂಜಿನ್ನಿನ ಹೊಗೆ, ಅಂಚಿನಲ್ಲಿ ಕಿತ್ತ ಬಣ್ಣ ಇವನ್ನು ತಂದಷ್ಟೂ ವಿಮಾನ ‘ನಿಜ’ವಾಗುತ್ತದೆಂಬ ನಂಬಿಕೆ. ಇಲ್ಲೊಂದು ತರ್ಕದೋಷವನ್ನು ತೋರಿಸದೆ ಗತ್ಯಂತರವಿಲ್ಲ. ಆಯ್ದ ಪ್ರತಿಯ ರೆಕ್ಕೆಗಳಲ್ಲಿ ಎರಡು 20 ಮಿಲಿಮೀಟರ್ ಕ್ಯಾನನ್, ನಾಲ್ಕು .303 ಮೆಷಿನ್‌ಗನ್. ಮೇಲೆ ಹೋದಾಗ ಮೆಷಿನ್‌ಗನ್ನುಗಳು ತೇವ ಕುಡಿದು ಹೆಪ್ಪುಗಟ್ಟದಿರಲೆಂದು ಅವುಗಳ ಬಾಯಿಗೆ ಕೆಂಪು ಬಟ್ಟೆಯ ತುಂಡು ಅಂಟಿಸುತ್ತಿದ್ದರು. ಮೊದಲ ಗುಂಡು ಅದನ್ನು ಹರಿದುಕೊಂಡು ಹೋಗುತ್ತಿತ್ತು. ಕಿಟ್‌ನಲ್ಲಿ ಇದಕ್ಕೆ ಸಾಸಿವೆಯಂಥ ಕೆಂಪು ಡೆಕಾಲ್ ಇರುತ್ತದೆ. ಹವ್ಯಾಸಿ ಆ ಕೆಂಪನ್ನೂ ಅಂಟಿಸುತ್ತಾನೆ, ರೆಕ್ಕೆಯ ಕೆಳಗೆ ಗುಂಡಿನ ಹೊಗೆಯ ಕಪ್ಪನ್ನೂ ಎಳೆಯುತ್ತಾನೆ. ಬಟ್ಟೆ ಹರಿದಿಲ್ಲವೆಂದರೆ ಗುಂಡು ಹಾರಿಲ್ಲ. ಗುಂಡು ಹಾರಿಲ್ಲವೆಂದರೆ ಹೊಗೆಯೆಲ್ಲಿ? ಹೊಗೆ ನಿನ್ನೆಯದು, ಬಟ್ಟೆ ಇಂದಿನದು ಎಂದು ಕೆಲವರ ಸಮರ್ಥನೆ. ಹಾಗಿದ್ದರೆ ಹೊಸ ಬಟ್ಟೆಯ ಕೆಂಪು ಸುತ್ತಲಿನ ಬಣ್ಣಕ್ಕಿಂತ ಉಜ್ವಲವಾಗಿರಬೇಕು, ಅದಕ್ಕೆ ಶೇಕಡಾ 15ರ ಬಿಳಿ ಸೇರಿಸುವಂತಿಲ್ಲ, ಅಲ್ಲಿಗೆ ವಿಶಿಷ್ಟಾದ್ವೈತಿಗಳು ಮತ್ತೆ ಎದ್ದು ನಿಲ್ಲುತ್ತಾರೆ. ಪ್ರಸ್ತುತ ಪ್ರಬಂಧ ಸೂಚಿಸುವ ಸಮನ್ವಯವೆಂದರೆ ಎಡರೆಕ್ಕೆಯನ್ನು ಯುದ್ಧಕ್ಕೆ ಹೊರಟಂತೆಯೂ ಬಲರೆಕ್ಕೆಯನ್ನು ಯುದ್ಧದಿಂದ ಮರಳಿದಂತೆಯೂ ಬಳಿಯುವುದು. ಸ್ಪರ್ಧೆಗಳ ತೀರ್ಪುಗಾರರು ಟಾರ್ಚ್ ಹಿಡಿದು ಎರಡೂ ರೆಕ್ಕೆ ನೋಡುವವರಾದ್ದರಿಂದ, ನೋಡುವವರೆಗೆ ಒಂದು ಪಕ್ಕವನ್ನು ಗೋಡೆಗೆ ಒರಗಿಸಿಡುವುದು ಕ್ಷೇಮ.